ದುಡಿಯದ ಕಾರಿಗೇ ಹೆಚ್ಚು ಬೆಲೆ

‘ಮಾರಾಟಕ್ಕಿದೆ: ಮಾರಿಸ್ ಮೈನರ್, 1950ರ ದಶಕದ ಮಾಡೆಲ್, ನಾಲ್ಕು ಬಾಗಿಲು. ಸಂಪೂರ್ಣ ರೆಸ್ಟೋರ್ ಮಾಡಿದ್ದು, ನೂರಕ್ಕೆ ನೂರು ಒರಿಜಿನಲ್. ಕೆಜಿಎಫ್‌ನ ಬ್ರಿಟಿಷ್ ಅಧಿಕಾರಿಯೊಬ್ಬರ ಕುಟುಂಬದ ಕಾರು. ನಿಜವಾಗಿ ಕೊಳ್ಳುವವರು ಮಾತ್ರ ಸಂಪರ್ಕಿಸಿ.’ ಹೀಗೊಂದು ಜಾಹೀರಾತು ಹೋದ ತಿಂಗಳು ನನ್ನ ಫೋನಿಗೆ ಬಂತು. ಕಳಿಸಿದವನು ಹಾಸ್ಟೆಲಿನ ಗೆಳೆಯ. ‘ನಿಮ್ಮ ಕಡೆಯ ಕಾರಂತೆ, ನೋಡು’ ಎಂದು ಕೆಳಗೆ ಬರೆದಿದ್ದ.

ಕಾರು ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ದುಂಡನೆಯ ಬೆನ್ನು, ಮಗುವಿನ ಕೆನ್ನೆಯಂಥ ಮಡ್‌ಗಾರ್ಡು, ಕೆನೆ ಹಾಲಿನ ಬಣ್ಣ. ನನ್ನ ತಕರಾರು ಕಾರಿನ ಮೇಲಲ್ಲ, ಆ ಸಾಲಿನಲ್ಲಿ ಅಕ್ಕಪಕ್ಕ ಕೂತಿರುವ ಎರಡು ಪದಗಳ ಮೇಲೆ: ರೆಸ್ಟೋರ್ ಮಾಡಿದ್ದು, ಒರಿಜಿನಲ್. ಹೊಸದಾಗಿ ಮಾಡಿದ್ದಾದರೆ ಒರಿಜಿನಲ್ ಹೇಗಾಯಿತು? ಒರಿಜಿನಲ್ಲೇ ಆಗಿದ್ದರೆ ಅಷ್ಟು ತಿಂಗಳು ಶೆಡ್ಡಿನಲ್ಲಿ ಏನು ನಡೆಯಿತು? ಇದನ್ನು ಪದಗಳ ಜಗಳ ಎಂದುಕೊಳ್ಳಬೇಡಿ. ಈ ಎರಡು ಪದಗಳ ನಡುವೆ ಹೂತುಹೋಗಿರುವುದು ಐವತ್ತು ಅರವತ್ತು ವರ್ಷಗಳ ದುಡಿಮೆ. ಹೂಳುವ ಆ ಕೆಲಸಕ್ಕೆ ಈಗ ಸರ್ಕಾರದ ಮುದ್ರೆಯೂ ಬಿದ್ದಿದೆ.

ಮೊದಲು ಈ ಕಾರಿನ ಹುಟ್ಟನ್ನೇ ನೋಡೋಣ. ಮಾರಿಸ್ ಮೈನರ್ ಜನರ ಕಣ್ಣಿಗೆ ಬಿದ್ದದ್ದು 1948ರ ಅಕ್ಟೋಬರಿನಲ್ಲಿ, ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ. ಯುದ್ಧದಿಂದ ಬಸವಳಿದಿದ್ದ ದೇಶದಲ್ಲಿ ಸಾಮಾನ್ಯ ಸಂಸಾರವೊಂದು ಕೊಳ್ಳಬಹುದಾದ ಕಾರು ಅದು. ಅದನ್ನು ರೂಪಿಸಿದ ಅಲೆಕ್ ಇಸಿಗೋನಿಸ್ ಹುಟ್ಟಿದ್ದು ಇಂಗ್ಲೆಂಡಿನಲ್ಲಲ್ಲ, ಇಂದಿನ ಟರ್ಕಿಗೆ ಸೇರಿದ ಸ್ಮರ್ನಾದಲ್ಲಿ. ಯುದ್ಧದ ಗಲಭೆಯಲ್ಲಿ ಊರು ಬಿಟ್ಟು ಬಂದ ಕುಟುಂಬ ಅವರದು. (ಜಾಹೀರಾತಿನಲ್ಲಿ ‘ಅಪ್ಪಟ ಬ್ರಿಟಿಷ್’ ಎಂದು ಬರೆಯುವವರು ಇದನ್ನೊಮ್ಮೆ ನೆನೆಯಬಹುದು.) ಕಾರು ಇನ್ನೇನು ತಯಾರಾಗಬೇಕು ಅನ್ನುವಾಗ ಅದು ತೀರಾ ಇಕ್ಕಟ್ಟಾಗಿ ಕಾಣುತ್ತದೆ ಅನ್ನಿಸಿ, ಇಸಿಗೋನಿಸ್ ನಮೂನೆಯ ಕಾರನ್ನು ನಡುವೆ ಉದ್ದಕ್ಕೆ ಸೀಳಿಸಿ ನಾಲ್ಕು ಅಂಗುಲ ಅಗಲ ಮಾಡಿಸಿದರು. ಬಾನೆಟ್ಟಿನ ಮಧ್ಯೆ ಇವತ್ತಿಗೂ ಕಾಣುವ ಚಪ್ಪಟೆ ಪಟ್ಟಿ ಆ ಸೀಳಿನ ಗುರುತು. ಬಂಪರುಗಳು ಅಷ್ಟರಲ್ಲಿ ತಯಾರಾಗಿ ಬಿದ್ದಿದ್ದವು. ಎಸೆಯುವುದೇಕೆಂದು ಅವನ್ನೂ ನಡುವೆ ಕೊಯ್ದು, ತುಂಡು ಸೇರಿಸಿ ಕೂರಿಸಿದರು. ಹೊಸ ನಮೂನೆಯ ಎಂಜಿನ್ ಹಾಕಬೇಕೆಂಬ ಯೋಜನೆಯೂ ಕೈಬಿಟ್ಟುಹೋಗಿ, ಯುದ್ಧಕ್ಕೆ ಮೊದಲಿನ ಮಾರಿಸ್ ಎಯ್ಟ್ ಕಾರಿನ 918 ಸಿಸಿ ಎಂಜಿನ್ನೇ ಒಳಗೆ ಬಂತು. ಅಮೆರಿಕದ ಕಾನೂನಿಗಾಗಿ, ಕೆಳಗಿದ್ದ ಹೆಡ್‌ಲೈಟುಗಳನ್ನು ಮಡ್‌ಗಾರ್ಡಿನ ಮೇಲಕ್ಕೆ ಏರಿಸಿದರು. ಮಾರಿಸ್ ಮತ್ತು ಆಸ್ಟಿನ್ ಒಂದಾದ ಮೇಲೆ ಆಸ್ಟಿನ್‌ನ 803 ಸಿಸಿ ಎಂಜಿನ್ ಬಂತು, ಆಮೇಲೆ 948, ಆಮೇಲೆ 1098.

ಅಂದರೆ ಒರಿಜಿನಲ್ ಎಂಬುದೇ ತೇಪೆ ಹಾಕಿದ್ದು. ಇಂಗ್ಲೆಂಡಿನ ಕಾರ್ಖಾನೆಯಲ್ಲಿ ಹಾಕಿದರೆ ಅದು ಇತಿಹಾಸ, ಮುಳಬಾಗಿಲಿನ ಶೆಡ್ಡಿನಲ್ಲಿ ಹಾಕಿದರೆ ಅದು ಡೂಪ್ಲಿಕೇಟ್. ಈ ಭೇದ ಎಲ್ಲಿಂದ ಬಂತು ಎಂದು ಯಾರಾದರೂ ನನಗೆ ತಿಳಿಸಿಕೊಡಬೇಕು.

ಇನ್ನು ಕೆಜಿಎಫ್‌ನ ದೊರೆ. ನಮ್ಮ ಸೀಮೆಯಲ್ಲಿ ಸಿಗುವ ಯಾವ ಹಳೆಯ ಕಾರಿಗೂ ಒಬ್ಬ ದೊರೆ ಇದ್ದೇ ಇರುತ್ತಾನೆ. ಬೆಳ್ಳಾವರದ ಹುಣಸೆಮರಕ್ಕೊಂದು ದೆವ್ವ ಇರುವ ಹಾಗೆ. ಕಂಡವರಿಲ್ಲ, ಇಲ್ಲ ಎಂದವರೂ ಇಲ್ಲ. ಚಿನ್ನದ ಗಣಿಗಳನ್ನು ನಡೆಸುತ್ತಿದ್ದುದು ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಲಂಡನ್ನಿನ ಕಂಪನಿ, 1880ರ ದಶಕದಿಂದ. ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ ಎಲ್ಲ ಇದ್ದವು, ನಿಜ. ಕಾರುಗಳೂ ಇದ್ದವು. ಆದರೆ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡದ್ದು 1956ರಲ್ಲಿ. 1950ರ ದಶಕದ ಕಾರು ದೊರೆಯ ಕೈಯಲ್ಲಿ ಎಷ್ಟು ವರ್ಷ ಇದ್ದೀತು? ನೀವೇ ಲೆಕ್ಕ ಹಾಕಿ. ಐದಾರು ವರ್ಷ ಅನ್ನಿ, ಧಾರಾಳವಾಗಿ ಹತ್ತು ಅನ್ನಿ. ಉಳಿದ ಅರವತ್ತು ವರ್ಷ ಅದು ಯಾರ ಕಾರು? ಅದೇ ಕೆಜಿಎಫ್‌ನಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಕಲ್ಲು ಒಡೆದವರು ಕಾರು ಕೊಂಡವರಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಅವರ ಮಕ್ಕಳು ಬೆಳಗಿನ ಜಾವ ಎದ್ದು ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗಿ ರಾತ್ರಿ ಬರುತ್ತಾರೆ. ಸೈನೈಡ್ ದಿಬ್ಬಗಳ ದೂಳು ಗಾಳಿ ಎದ್ದಾಗಲೆಲ್ಲ ಅವರ ಮನೆಗೇ ಬರುತ್ತದೆ. ಕೆಜಿಎಫ್ ಎಂಬ ಹೆಸರು ಕಾರಿನ ಬೆಲೆಯನ್ನು ಏರಿಸುತ್ತದೆ. ಆ ಹೆಸರನ್ನು ಹೊತ್ತು ಬದುಕುವವರ ಕೂಲಿಯನ್ನು ಏರಿಸಿದ್ದು ಮಾತ್ರ ನಾನು ಕಾಣೆ.

ಜಾಹೀರಾತಿನಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಕೊಳ್ಳುವವನಲ್ಲ, ಸಂಶೋಧನೆ ಮಾಡುವವನು ಎಂದು ಮೊದಲೇ ಹೇಳಿದೆ. ಆತ ಮರ್ಯಾದೆಯಿಂದಲೇ ಮಾತಾಡಿದರು. ದೊರೆಯ ನಂತರ ಕಾರು ಯಾರ ಹತ್ತಿರ ಇತ್ತು ಎಂದು ಕೇಳಿದೆ. ‘ಅದೇ, ಯಾರೋ ಲೋಕಲ್ ಜನ ಇಟ್ಕೊಂಡಿದ್ರು ಸಾರ್, ಪೂರ್ತಿ ಹಾಳು ಮಾಡಿಬಿಟ್ಟಿದ್ರು. ಬೇರೆ ಕಾರ್ಬುರೇಟರ್, ಬೇರೆ ಸೀಟು, ಡೋರಿಗೆ ಅಂಬಾಸಿಡರ್ ಹ್ಯಾಂಡಲ್ಲು! ಎಲ್ಲಾ ಕಿತ್ತು ಬಿಸಾಕಿ ಒರಿಜಿನಲ್ ಮಾಡಿಸಿದೀನಿ.’ ಟಿಂಕರಿಂಗ್ ಯಾರು ಮಾಡಿದರು ಎಂದೆ. ‘ನಮ್ಮ ಹುಡುಗ್ರೇ’ ಅಂದರು. ಹೆಸರು? ಅತ್ತ ಕಡೆ ಸ್ವಲ್ಪ ಹೊತ್ತು ಮೌನ. ‘ಶಿವಾಜಿನಗರದಿಂದ ಒಬ್ಬ ಸಾಬ್ರು ಬರ್ತಿದ್ರು ಸಾರ್’ ಎಂದರು.

ಹಾಳು ಮಾಡಿಬಿಟ್ಟಿದ್ದರು ಎಂಬ ಮಾತನ್ನು ನಾನು ಅಷ್ಟು ಸುಲಭವಾಗಿ ಬಿಡಲಾರೆ. ಬಿಡಿಭಾಗ ಸಿಗದ ಕಾಲದಲ್ಲಿ, ಆಮದಿಗೆ ಲೈಸೆನ್ಸ್ ಬೇಕಿದ್ದ ಕಾಲದಲ್ಲಿ, ಬಾಗಿಲು ಮುಚ್ಚದ ಕಾರಿಗೆ ಅಂಬಾಸಿಡರ್ ಹ್ಯಾಂಡಲ್ ಹಾಕಿದವನು ಅದನ್ನು ಹಾಳು ಮಾಡಲಿಲ್ಲ, ಉಳಿಸಿದ. ಅವನು ಹಾಗೆ ಮಾಡದೇ ಹೋಗಿದ್ದರೆ 1970ರಲ್ಲೇ ಅದು ಗುಜರಿಗೆ ಹೋಗುತ್ತಿತ್ತು, ಇವತ್ತು ಒರಿಜಿನಲ್ ಮಾಡಿಸಲು ನಿಮ್ಮ ಕೈಗೆ ಏನೂ ಸಿಗುತ್ತಿರಲಿಲ್ಲ.

ನಾನು ಈ ವಿಷಯಕ್ಕೆ ಬಂದದ್ದು ಮೈನರ್‌ನಿಂದಲ್ಲ, ಅದರ ಅಣ್ಣನಿಂದ. ಅಂಬಾಸಿಡರ್ ಕೂಡ ಮಾರಿಸ್ ಮನೆತನದ್ದೇ. ಆಕ್ಸ್‌ಫರ್ಡ್ ಸೀರೀಸ್ 3 ಎಂಬ ಬ್ರಿಟಿಷ್ ಸಂಸಾರಿ ಕಾರು. 1950ರ ದಶಕದ ಕೊನೆಯಿಂದ 2014ರವರೆಗೆ ಬಂಗಾಳದ ಉತ್ತರಪಾಡಾದಲ್ಲಿ ಹಿಂದುಸ್ತಾನ್ ಮೋಟರ್ಸ್ ಅದನ್ನು ಕಟ್ಟಿತು. ಇಂಗ್ಲೆಂಡಿನಲ್ಲಿ ಆ ಮಾಡೆಲ್ ಬದುಕಿದ್ದು ಮೂರು ವರ್ಷದ ಆಸುಪಾಸು. ನಮ್ಮಲ್ಲಿ ಅರ್ಧ ಶತಮಾನ ದಾಟಿತು. ಹಾಗಿದ್ದರೂ ಅದನ್ನು ಬ್ರಿಟಿಷ್ ಕಾರಿನ ನಕಲು ಎಂದೇ ಬರೆಯುತ್ತಾರೆ.

ನಮ್ಮೂರು ತಾಯಲೂರು, ಮುಳಬಾಗಿಲು ತಾಲ್ಲೂಕಿನ ಹೋಬಳಿ ಕೇಂದ್ರ. ಒಂದು ವಾಕ್ಯ ತೆಲುಗಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುವ ಸೀಮೆ. ನನ್ನ ಸೋದರಮಾವ 1990ರಲ್ಲಿ ಕೋಲಾರದ ಡಾಕ್ಟರೊಬ್ಬರಿಂದ 1972ರ ಅಂಬಾಸಿಡರ್ ಕೊಂಡರು. ಡಾಕ್ಟರ ಮನೆಯಲ್ಲಿ ಅದು ಭಾನುವಾರದ ಕಾರು. ಮಾವನ ಕೈಗೆ ಬಂದ ದಿನದಿಂದ ಅದಕ್ಕೆ ಭಾನುವಾರ ಎಂಬುದೇ ಇರಲಿಲ್ಲ. ಬೆಳಗ್ಗೆ ಮುಳಬಾಗಿಲಿಗೆ ಜನ, ಮಧ್ಯಾಹ್ನ ಸಂತೆಯ ಸಾಮಾನು, ರೇಷ್ಮೆಗೂಡು ಕಟ್ಟಿದ ಸೀಸನ್ನಿನಲ್ಲಿ ಗೂಡಿನ ಚೀಲಗಳು, ಟೊಮ್ಯಾಟೊ ಬೆಲೆ ಏರಿದಾಗ ಹಿಂದಿನ ಸೀಟು ಕಿತ್ತಿಟ್ಟು ಕ್ರೇಟುಗಳು. ರಾತ್ರಿ ಹೊತ್ತು ಕೋಲಾರದ ಎಸ್‌ಎನ್‌ಆರ್ ಆಸ್ಪತ್ರೆಗೆ ಹೆರಿಗೆಯ ಹೆಂಗಸರು. ದಾರಿಯಲ್ಲೇ ಹೆರಿಗೆಯಾದ ಒಂದು ಮಗು ನಮ್ಮೂರಲ್ಲಿದೆ. ಅದಕ್ಕೀಗ ಮದುವೆಯಾಗಿ ಎರಡು ಮಕ್ಕಳು. ಒಳಗೆ ಒಂಬತ್ತು ಜನ ಕೂತರೆ ಕಾರು ಖಾಲಿ ಹೊರಟಿತು ಎಂದೇ ಲೆಕ್ಕ. ಮುಂದಿನ ಸೀಟಿನಲ್ಲಿ ನಾಲ್ವರು. ಸ್ಟಿಯರಿಂಗ್ ಪಕ್ಕದಲ್ಲೇ ಗೇರಿನ ಕಡ್ಡಿ ಇದ್ದದ್ದರಿಂದ ನಾಲ್ಕನೆಯವನಿಗೆ ಮೊಣಕಾಲು ಇಡಲು ಜಾಗ ಸಿಗುತ್ತಿತ್ತು. ಇಂಗ್ಲೆಂಡಿನ ಎಂಜಿನಿಯರ್ ಕನಸಿನಲ್ಲೂ ಎಣಿಸದ ಉಪಯೋಗ ಇದು.

ಪೆಟ್ರೋಲಿನಲ್ಲಿ ಗಿಟ್ಟುತ್ತಿರಲಿಲ್ಲ. 1991ರಲ್ಲಿ 1489 ಸಿಸಿಯ ಆ ಎಂಜಿನ್ ಇಳಿಸಿ ಮ್ಯಾಟಡಾರ್ ವ್ಯಾನಿನ ಡೀಸೆಲ್ ಎಂಜಿನ್ ಕೂರಿಸಿದರು. ಕೂರಿಸಿದರು ಎಂದು ಒಂದು ಪದದಲ್ಲಿ ಬರೆದುಬಿಟ್ಟೆ. ಆ ಕೆಲಸಕ್ಕೆ ಹಿಡಿದದ್ದು ಹದಿನೆಂಟು ದಿನ. ಎಂಜಿನ್ ಎತ್ತರ ಬೇರೆ, ತೂಕ ಬೇರೆ. ಮೌಂಟಿಂಗ್‌ಗೆ ಹೊಸ ಕಬ್ಬಿಣ ಕತ್ತರಿಸಿ ವೆಲ್ಡ್ ಮಾಡಬೇಕು, ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಲೇತ್‌ನಲ್ಲಿ ಕೊರೆದ ಪ್ಲೇಟ್ ಕೂರಬೇಕು, ಅದು ಕೂದಲೆಳೆಯಷ್ಟು ವಾರೆಯಾದರೂ ಕ್ಲಚ್ ತಿಂಗಳೊಳಗೆ ಸುಟ್ಟುಹೋಗುತ್ತದೆ. ಮುಂಭಾಗ ಬಗ್ಗದ ಹಾಗೆ ಸ್ಪ್ರಿಂಗ್ ಗಟ್ಟಿ ಮಾಡಬೇಕು, ರೇಡಿಯೇಟರ್ ದೊಡ್ಡದಾಗಬೇಕು. ಹಿಂದಿನ ಕಮಾನು ಪಟ್ಟಿಗೆ ಎರಡು ಎಲೆ ಹೆಚ್ಚಾಗಿ ಸೇರಿಸಿದರು. ಮುರಿದ ಪಟ್ಟಿಗಳು ಕಮ್ಮಾರನ ಕುಲುಮೆಗೆ ಹೋಗಿ ಮಚ್ಚುಗಳಾದವು. ನಮ್ಮ ಮನೆಯಲ್ಲಿ ತೆಂಗಿನಕಾಯಿ ಕೆತ್ತುವ ಮಚ್ಚು ಅದರದೇ. ಡಿಕ್ಕಿಯ ತಳ ತುಕ್ಕು ಹಿಡಿದು ತೂತಾದಾಗ ಎಣ್ಣೆ ಡ್ರಮ್ಮಿನ ತಗಡು ಬಡಿದು ಹಾಕಿದರು. ಸೀಟಿಗೆ ತೆಂಗಿನ ನಾರು, ಮೇಲೆ ಕೆಂಪು ರೆಕ್ಸಿನ್. ಎಂಜಿನ್ ಬದಲಾದದ್ದನ್ನು ಆರ್‌ಸಿ ಪುಸ್ತಕದಲ್ಲಿ ಬರೆಸಿ ಸೀಲು ಹಾಕಿಸಿದ್ದರು. ಮಾವ ಹೇಳುತ್ತಿದ್ದರು: ‘ಇದ್ರಲ್ಲಿ ಕಂಪ್ನೀದು ಅಂತ ಉಳ್ದಿರೋದು ನಂಬರ್ ಪ್ಲೇಟು ಒಂದೇ ಕಣಪ್ಪಾ, ಅದನ್ನೂ ನಾನೇ ಬರ್ಸಿದ್ದು.’

ಇಷ್ಟನ್ನೂ ಮಾಡಿದ್ದು ಮುಳಬಾಗಿಲಿನ ಒಬ್ಬ ಮೇಸ್ತ್ರಿ. ಮಾವ ಅವರನ್ನು ಭಾಯ್ ಎನ್ನುತ್ತಿದ್ದರು, ಅವರು ಮಾವನನ್ನು ಅಣ್ಣಾ ಎನ್ನುತ್ತಿದ್ದರು. ವಯಸ್ಸಿನಲ್ಲಿ ಅವರೇ ದೊಡ್ಡವರು. ಡ್ರಾಯಿಂಗ್ ಇಲ್ಲ, ಮ್ಯಾನುಅಲ್ ಇಲ್ಲ. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ತಾಗಿಸಿ ಹಿಡಿಯನ್ನು ಕಿವಿಗೆ ಇಟ್ಟು, ಯಾವ ಬೇರಿಂಗ್ ಹೋಗಿದೆ ಎಂದು ಹೇಳುತ್ತಿದ್ದರು. ಪಿಎಚ್‌ಡಿಗಾಗಿ ಅವರೊಂದಿಗೆ ಮೂರು ದಿನ ಕೂತು ಮಾತಾಡಿದೆ. ಎಂಜಿನ್ ಕೂರಿಸುವ ಅಳತೆ ಹೇಗೆ ತೆಗೆದಿರಿ ಎಂದರೆ, ‘ತೆಂಗಿನ ಗರಿ ಕಡ್ಡಿಯಿಂದ ತಮ್ಮಾ’ ಅಂದರು. ಕಡ್ಡಿ ಮುರಿದು ಸಂದಿಗೆ ಹಿಡಿದು, ಅದೇ ಕಡ್ಡಿಯನ್ನು ಲೇತ್‌ನವನಿಗೆ ಕೊಡುವುದು. ಈ ಜ್ಞಾನವನ್ನು ಯಾವ ಪುಸ್ತಕವೂ ಬರೆದಿಟ್ಟಿಲ್ಲ. ಬರೆದಿಟ್ಟದ್ದು ಆ ಕಾರಿನ ಮೈಮೇಲೆ ಮಾತ್ರ: ವೆಲ್ಡಿಂಗ್‌ನ ಗೆರೆಯಲ್ಲಿ, ಕೊರೆದ ಪ್ಲೇಟಿನಲ್ಲಿ, ಹೆಚ್ಚಿಗೆ ಸೇರಿಸಿದ ಪಟ್ಟಿಯಲ್ಲಿ.

2010ರ ಹೊತ್ತಿಗೆ ಓಡಾಟ ನಿಂತು ಕಾರು ಮನೆಯ ಹಿಂದೆ ಬೇವಿನ ಮರದ ಕೆಳಗೆ ನಿಂತಿತು. 2022ಕ್ಕೆ ಅದಕ್ಕೆ 50 ತುಂಬಿತು. ವಿಂಟೇಜ್ ಎಂದು ನೋಂದಣಿ ಮಾಡಿಸಬಹುದೇ ಎಂದು ಸಂಬಂಧಪಟ್ಟ ಕಚೇರಿಯೊಂದಕ್ಕೆ ಕಾಗದಪತ್ರ ಹಿಡಿದು ಹೋದೆ. ಆರ್‌ಸಿಯ ಎರಡನೆಯ ಪುಟ ತಿರುವಿದವರು ಎಂಜಿನ್ ಬದಲಾವಣೆಯ ಸೀಲಿನ ಮೇಲೆ ಬೆರಳಿಟ್ಟರು. ‘ಎಂಜಿನ್ನೇ ಬೇರೆ. ಇದೆಲ್ಲಿ ವಿಂಟೇಜ್ ಆಯ್ತದೆ? ಆಗಲ್ಲ, ತಗೊಂಡೋಗಿ.’ ಸರ್ಕಾರವೇ ಒಪ್ಪಿ ಒತ್ತಿದ ಸೀಲು, ಸರ್ಕಾರದ ಕಣ್ಣಿನಲ್ಲೇ ಕಳಂಕ. ಇತ್ತ ಸಾಧಾರಣ ಕಾರಾಗಿ ಆರ್‌ಸಿ ನವೀಕರಿಸೋಣವೆಂದರೆ, ಹದಿನೈದು ವರ್ಷ ದಾಟಿದ ಕಾರಿನ ಮರುನೋಂದಣಿ ಶುಲ್ಕ ಅದೇ ವರ್ಷ ಏಪ್ರಿಲ್ 1ರಿಂದ 600 ರೂಪಾಯಿಯಿಂದ 5,000ಕ್ಕೆ ಏರಿತ್ತು. ಮಾವ ಗುಜರಿಯವನನ್ನು ಕರೆಸಿದರು. ಕಬ್ಬಿಣದ ತೂಕಕ್ಕೆ ಹೋಯಿತು.

ನಿಯಮ ಏನು ಹೇಳುತ್ತದೆಂದು ನೋಡಿ. ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳ ನೋಂದಣಿಗೆ ನಿಯಮ ಮಾಡಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ, ನಂಬರಿನಲ್ಲಿ ‘ವಿಎ’ ಎಂಬ ಅಕ್ಷರ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲು ಹಾಕಿಸುವುದು, ರಿಪೇರಿ, ಇಷ್ಟಕ್ಕೆ ಮಾತ್ರ ರಸ್ತೆಗೆ ತರಬಹುದು. ನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ತರುವಂತಿಲ್ಲ. ಅದರ ಮರುತಿಂಗಳೇ, ಆಗಸ್ಟ್ 13ರಂದು, ಹಳೆಯ ವಾಹನಗಳನ್ನು ಗುಜರಿಗೆ ಕಳಿಸುವ ನೀತಿಗೆ ಪ್ರಧಾನಿ ಚಾಲನೆ ಕೊಟ್ಟರು. ಎರಡನ್ನೂ ಒಟ್ಟಿಗೆ ಓದಿ. ಹಿಂದೆ ದುಡಿದಿರಬಾರದು, ಮುಂದೆ ದುಡಿಯಬಾರದು, ಅಂಥ ಕಾರು ಪರಂಪರೆ. ದುಡಿದದ್ದು ಗುಜರಿ. ಎಂಜಿನ್ ಬದಲಾಗದೆ ಐವತ್ತು ವರ್ಷ ಉಳಿಯುವ ಕಾರು ಯಾವುದು? ಗ್ಯಾರೇಜಿನಲ್ಲಿ ಬಟ್ಟೆ ಹೊದ್ದು ನಿಂತಿದ್ದ ಕಾರು. ಅದಕ್ಕೊಂದು ಗ್ಯಾರೇಜು ಇದ್ದಿರಬೇಕು, ಓಡಾಡಲು ಆ ಮನೆಯಲ್ಲಿ ಇನ್ನೊಂದು ಕಾರು ಇದ್ದಿರಬೇಕು. ಒರಿಜಿನಲ್ ಎಂಬುದು ಕಾರಿನ ಗುಣವಲ್ಲ, ಅದರ ಯಜಮಾನನ ಸ್ಥಿತಿವಂತಿಕೆ.

ಈ ಹವ್ಯಾಸಿಗಳ ನಡುವೆ ‘ಮ್ಯಾಚಿಂಗ್ ನಂಬರ್’ ಎಂಬ ಮಾತಿದೆ. ಚಾಸಿ ನಂಬರಿಗೂ ಎಂಜಿನ್ ನಂಬರಿಗೂ ಕಾರ್ಖಾನೆಯ ದಾಖಲೆಯಂತೆ ತಾಳೆಯಾಗಬೇಕು. ತಾಳೆಯಾದರೆ ಬೆಲೆ ಏರುತ್ತದೆ, ಆಗದಿದ್ದರೆ ಮೂಗು ಮುರಿಯುತ್ತಾರೆ. ಜಾತಕ, ಗೋತ್ರ ಕೂಡಿಸುವುದನ್ನು ಕಂಡು ಬೆಳೆದ ನಮಗೆ ಈ ಶಬ್ದಕ್ಕೆ ಅನುವಾದ ಬೇಕಿಲ್ಲ. ಬೇರೆ ಮನೆಯ ಎಂಜಿನ್ ಒಳಗೆ ಬಂದಿತೋ, ಕುಲಗೆಟ್ಟಿತು. ಅನ್ಯರು ಮುಟ್ಟಿದ್ದನ್ನು ಕಿತ್ತೆಸೆದು, ಉಜ್ಜಿ ತೊಳೆದು, ಹೊಸ ಬಣ್ಣ ಬಳಿದು ಮಡಿ ಮಾಡಿದ ಮೇಲೆಯೇ ಒಳಗೆ ಪ್ರವೇಶ. ದಲಿತ ಚಳವಳಿಯ ಹಾಡು ಕೇಳಿಕೊಂಡೇ ಬೆಳೆದ ಕೋಲಾರ ಜಿಲ್ಲೆಯವನು ನಾನು. ಕಬ್ಬಿಣಕ್ಕೂ ಮಡಿ ಮೈಲಿಗೆ ಅಂಟಿಸುವ ಈ ಚಾಳಿಗೆ ನನಗೆ ಬೇರೆ ಹೆಸರು ತೋಚುವುದಿಲ್ಲ. ಅತಿಯಾಯಿತು ಅನ್ನಿಸಿದರೆ ‘ಅನ್‌ಟಚ್ಡ್’ ಎಂದು ಹೆಮ್ಮೆಯಿಂದ ಬರೆದ ಜಾಹೀರಾತುಗಳನ್ನು ನೀವೇ ಹುಡುಕಿ ಓದಿ.

ಇದು ಇಂಗ್ಲೆಂಡಿನಿಂದ ಕಲಿತ ಶಿಸ್ತು ಎಂದು ವಾದಿಸುವವರಿದ್ದಾರೆ. ಇಂಗ್ಲೆಂಡ್ ಏನು ಮಾಡಿದೆ ನೋಡೋಣ. ಅಲ್ಲಿ 2018ರ ಮೇ ತಿಂಗಳಿಂದ, 40 ವರ್ಷ ದಾಟಿದ ಕಾರಿಗೆ ವಾರ್ಷಿಕ ತಪಾಸಣೆಯಿಂದ ವಿನಾಯಿತಿ ಇದೆ. ಅದಕ್ಕೂ ದೊಡ್ಡ ಬದಲಾವಣೆ ಆಗಿರಬಾರದು ಎಂಬ ಷರತ್ತಿದೆ. ಆದರೆ ಎಷ್ಟು ಕಾಲದಿಂದ? ಹಿಂದಿನ 30 ವರ್ಷಗಳಿಂದ. ಅದಕ್ಕೂ ಮೊದಲು ಆದ ಬದಲಾವಣೆ ಲೆಕ್ಕಕ್ಕಿಲ್ಲ, ಅದೂ ಆ ಕಾರಿನ ಚರಿತ್ರೆಯೇ. ನಮ್ಮ ಮಾವನ ಡೀಸೆಲ್ ಎಂಜಿನ್‌ಗೆ 2022ರಲ್ಲಿ 31 ವರ್ಷ. ಆಕ್ಸ್‌ಫರ್ಡಿನಲ್ಲಿ ಚರಿತ್ರೆಯಾಗಬಹುದಾದದ್ದು ತಾಯಲೂರಿನಲ್ಲಿ ಗುಜರಿಯಾಯಿತು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ ಒಪ್ಪಿಕೊಂಡ ಟ್ಯೂರಿನ್ ಸನ್ನದು ಕೂಡ, ವಾಹನ ಬಳಕೆಯಲ್ಲಿದ್ದ ಕಾಲದ ಬದಲಾವಣೆಗಳನ್ನು ಅದರ ಬದುಕಿನ ಸಾಕ್ಷಿ ಎಂದೇ ಕಾಣುತ್ತದೆ. ಅದರ ಬೇರು 1964ರ ವೆನಿಸ್ ಸನ್ನದಿನಲ್ಲಿದೆ. ಸ್ಮಾರಕವೊಂದಕ್ಕೆ ಎಲ್ಲ ಕಾಲದವರೂ ಸೇರಿಸಿದ್ದನ್ನು ಗೌರವಿಸಬೇಕು, ಒಂದೇ ಶೈಲಿಗೆ ತಂದು ನಿಲ್ಲಿಸುವುದು ಗುರಿಯಲ್ಲ ಎಂಬುದು ಅದರ ತಿರುಳು. ದೂರ ಯಾಕೆ, ನಮ್ಮ ತಾಲ್ಲೂಕಿನ ಆವಣಿಗೇ ಹೋಗಿ. ರಾಮಲಿಂಗೇಶ್ವರ ದೇವಾಲಯಗಳ ಗುಂಪಿನಲ್ಲಿ ನೊಳಂಬರ ಕಾಲದ್ದೂ ಇದೆ, ಆಮೇಲಿನವರು ಸೇರಿಸಿದ್ದೂ ಇದೆ. ಆಮೇಲಿನದನ್ನು ಕೆಡವಿ ಒರಿಜಿನಲ್ ಮಾಡಿ ಎಂದು ಪುರಾತತ್ವದವರ ಬಳಿ ಯಾರಾದರೂ ಅರ್ಜಿ ಹಾಕುತ್ತಾರೆಯೇ?

ದೇವಸ್ಥಾನದ ಮಾತು ಬಂದಿದ್ದರಿಂದ ಇನ್ನೊಂದು. ಬೇಲೂರಿನ ವಿಗ್ರಹಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಎಂಬ ಹೆಸರುಗಳಿವೆ. ಹೊಯ್ಸಳರ ಅನೇಕ ಗುಡಿಗಳಲ್ಲಿ ಮಲ್ಲಿತಮ್ಮನ ಹೆಸರಿದೆ. ಒಂಬೈನೂರು ವರ್ಷದ ಹಿಂದೆ ರಾಜ ಕಟ್ಟಿಸಿದ ಗುಡಿಯಲ್ಲಿ ಕೆತ್ತಿದವನ ಹೆಸರಿಗೆ ಜಾಗ ಸಿಕ್ಕಿತು. ಇವತ್ತು ಕಾರಿನ ಬಾಗಿಲ ತಳವನ್ನು ಅಂಗುಲ ಅಂಗುಲವಾಗಿ ಬಡಿದು ಹೊಸದಾಗಿ ಮಾಡಿದವನು ‘ಒಬ್ಬ ಸಾಬ್ರು’. ಮೈನರ್‌ನ ಮುಂಗಾಲಿಯ ಕೆಳಗೆ ಟ್ರನಿಯನ್ ಎಂಬ ತುಂಡೊಂದಿದೆ. ಗ್ರೀಸ್ ತಪ್ಪಿದರೆ ಅದು ಸವೆದು, ಓಡುತ್ತಿರುವಾಗಲೇ ಗಾಲಿ ಒಳಕ್ಕೆ ಮಡಚಿಕೊಳ್ಳುತ್ತದೆ. ಆ ಕಾರಿನ ಕುಖ್ಯಾತ ದೌರ್ಬಲ್ಯ ಅದು. ಕೊಂಡವನ ಹೆಂಡತಿ ಮಕ್ಕಳ ಜೀವ ಇರುವುದು ಅದನ್ನು ಬಿಗಿದವನ ಕೈಯಲ್ಲಿ, ಹೆಸರು ಕೇಳಿದರೆ ಮಾತ್ರ ಮೌನ. ಇನ್ನೂ ಒಂದು ತಮಾಷೆ ಇದೆ. ಇಂಗ್ಲೆಂಡಿನ ಬಾತ್ ನಗರದ ಹೆಸರಾಂತ ಮಾರಿಸ್ ಮೈನರ್ ಸೆಂಟರ್, ತನ್ನ ಕಾರುಗಳಿಗೆ ಬೇಕಾದ ಭಾಗಗಳನ್ನು ಶ್ರೀಲಂಕಾದ ಕಾರ್ಖಾನೆಯಲ್ಲಿ ಮಾಡಿಸಿಕೊಂಡಿತು. ಲಂಕೆಯಲ್ಲಿ ಮೈನರ್‌ಗಳು ನಿತ್ಯದ ಬಳಕೆಯಲ್ಲಿ ಉಳಿದಿದ್ದರಿಂದ ಆ ಕೈಕಸುಬೂ ಉಳಿದಿತ್ತು. ಬ್ರಿಟಿಷ್ ಒರಿಜಿನಲ್‌ಗಳಲ್ಲಿ ಎಷ್ಟರ ಮೈ ಸಿಂಹಳದ ಸುತ್ತಿಗೆಯ ಏಟು ತಿಂದಿದೆಯೋ.

ಹಳೆಯ ಕಾರಿನ ಹುಚ್ಚಿರುವ ಒಂದಿಬ್ಬರು ಸ್ನೇಹಿತರು ಈ ಬರಹದ ಕರಡು ಓದಿ ಸಿಟ್ಟಾದರು. ಅವರ ಮಾತಿನಲ್ಲಿ ನ್ಯಾಯವಿದೆ. ನಾವು ದುಡ್ಡು ಸುರಿಯದಿದ್ದರೆ ಈ ಕಾರುಗಳೇ ಉಳಿಯುತ್ತಿರಲಿಲ್ಲ ಎಂದರು, ಒಪ್ಪಿದೆ. ಕಾರ್ಖಾನೆಯಿಂದ ಹೇಗೆ ಬಂತೋ ಹಾಗೆ ಒಂದಾದರೂ ಇರಬೇಕಲ್ಲ, ನಾಳೆ ನೋಡುವವರಿಗೆ ಎಂದರು. ಅದಕ್ಕೂ ನನ್ನ ಅಡ್ಡಿಯಿಲ್ಲ. ಒಂದು ಇರಲಿ, ಹತ್ತು ಇರಲಿ. ಆದರೆ ಎಲ್ಲ ಕಾರುಗಳನ್ನೂ ಒಂದೇ ದಿನಾಂಕಕ್ಕೆ ಹಿಂದಿರುಗಿಸಿದರೆ ಉಳಿಯುವುದು ಒಂದೇ ದಿನ. ಅದು ಕಾರ್ಖಾನೆಯ ಗೇಟು ದಾಟಿದ ದಿನ. ಆಮೇಲಿನ ಕಥೆಯೆಲ್ಲ ಶೆಡ್ಡಿನ ಮೂಲೆಯ ಕಸದ ರಾಶಿ. ಹಳೆಯ ಡೀಸೆಲ್ ಎಂಜಿನ್ ಹೊಗೆ ಉಗುಳುವುದಿಲ್ಲವೇ ಎಂದೂ ಕೇಳಿದರು. ಉಗುಳುತ್ತದೆ. ಹಾಗಂತ ಎಪ್ಪತ್ತು ವರ್ಷದ ಪೆಟ್ರೋಲ್ ಎಂಜಿನ್ ಸಾಂಬ್ರಾಣಿ ಹಾಕುವುದಿಲ್ಲವಲ್ಲ. ಎರಡೂ ದಿನಾ ರಸ್ತೆಗೆ ಬರದಿರಲಿ. ನಾನು ಕೇಳುತ್ತಿರುವುದು ಓಡಿಸುವ ಹಕ್ಕನ್ನಲ್ಲ, ದಾಖಲೆಯಲ್ಲಿ ಜಾಗವನ್ನು. ಕೊನೆಗೆ ಒಬ್ಬ, ‘ಇದು ನಮ್ಮ ಹವ್ಯಾಸ ಮಾರಾಯಾ, ನಿನಗೇನು ಕಷ್ಟ?’ ಅಂದ. ಹವ್ಯಾಸವಾಗಿಯೇ ಇದ್ದಿದ್ದರೆ ನನಗೇನೂ ಕಷ್ಟವಿರಲಿಲ್ಲ. ಅವರ ಅಭಿರುಚಿ ನಿಯಮವಾಗಿ, ಯಾವುದು ದೇಶದ ಪರಂಪರೆ ಎಂದು ತೀರ್ಪು ಕೊಡುವ ಮಟ್ಟಕ್ಕೆ ಬಂದಮೇಲೆ ಅದು ನಮ್ಮ ಮಾವನ ವಿಷಯವೂ ಹೌದು.

ಬೇಕಿರುವುದು ದೊಡ್ಡ ತಿದ್ದುಪಡಿಯೇನಲ್ಲ. ಆರ್‌ಸಿಯಲ್ಲಿ ಅಧಿಕೃತವಾಗಿ ದಾಖಲಾಗಿ 30 ವರ್ಷ ಕಳೆದ ಬದಲಾವಣೆಯನ್ನು ಮೂಲ ರೂಪದ ಭಾಗವೆಂದು ಒಪ್ಪಲಿ. ತಾಲ್ಲೂಕಿನಲ್ಲಿ ಬಾಡಿಗೆಗೆ ಓಡಿದ ಒಂದು ಅಂಬಾಸಿಡರನ್ನು, ಡ್ರಮ್ಮಿನ ತಗಡಿನ ಸಮೇತ, ಜಿಲ್ಲೆಯ ಯಾವುದಾದರೂ ವಸ್ತುಸಂಗ್ರಹಾಲಯ ಒಳಗೆ ತರಲಿ. ಇನ್ನೂ ಒಂದೆರಡು ಹುಣಸೆ ತೋಪುಗಳಲ್ಲಿ ನಿಂತಿವೆ, ಬೇಕಿದ್ದರೆ ನಾನೇ ತೋರಿಸುತ್ತೇನೆ. ಮಾರುವವರು ಕಿತ್ತು ಹಾಕಿದ ಭಾಗಗಳನ್ನು ಎಸೆಯದೆ ಒಂದು ಪೆಟ್ಟಿಗೆಯಲ್ಲಿ ಕಾರಿನ ಜೊತೆಗೇ ಕೊಡಲಿ, ಏನನ್ನು ಯಾವಾಗ ಬದಲಿಸಿದರೆಂಬ ಪಟ್ಟಿಯನ್ನೂ. ವಿಂಟೇಜ್ ನೋಂದಣಿಗೆ ತುಂಬುವ ಫಾರಂ 20ರಲ್ಲಿ ಮಾಲೀಕ ಯಾರ ಮಗ ಎಂದು ಬರೆಯಲು ಜಾಗವಿದೆ. ಅದರ ಕೆಳಗೆ ಇನ್ನೊಂದು ಸಾಲು ಎಳೆಯಿರಿ: ಕೆಲಸ ಮಾಡಿದ ಮೇಸ್ತ್ರಿಯ ಹೆಸರು, ಊರು.